ಹಾಗಲವಾಡಿಯ ಪ್ಲಸ್ ಡಿಸ್ಕು

ತುಮಕೂರು
18-7-2005

ಪ್ರೀತಿಯ ನಿಮಗೆ,

ವನಜಾಕ್ಷಿಯ ನಮಸ್ಕಾರ. ಕುಣಿಗಲ್‌ಗೆ ಫೋನ್ ಮಾಡಿದಾಗಲೆಲ್ಲ ನಿಮ್ಮಣ್ಣ ಎತ್ತಿ, “ನಾಗಭೂಷಣ ಮಲಗವ್ನೆ ಕಣಮ್ಮ” ಅನ್ನುತ್ತಾರೆ. ಹಗಲಲ್ಲಿ ಮಲಗುವ ಗಂಡಸಲ್ಲ ನೀವು. ಅದಕ್ಕೇ ಬರೆಯುತ್ತಿದ್ದೇನೆ. ಓದದೆ ಮಡಿಚಿಡಬೇಡಿ.

ಹಾಗಲವಾಡಿಯ ದೊಡ್ಡಗಂಗಮ್ಮ ಮತ್ತೆ ನಮ್ಮ ವಿಡಿಯೊ ಅಂಗಡಿಗೆ ಬಂದಿದ್ದರು. ಅವತ್ತು ನೀವು ಕೂಗಾಡಿ ಕಳಿಸಿದಿರಲ್ಲ, ಅವರೇ. ಅವರ ಮಗಳ ಮದುವೆಗೆ ನೀವೇ ವಿಡಿಯೊ ತೆಗೆದಿರಿ. ಮದುವೆಯಾದ ತಿಂಗಳಿಗೇ ದೊಡ್ಡಗಂಗಮ್ಮನ ಗಂಡ ಸಿದ್ದಗಂಗಯ್ಯ ಎದೆನೋವಿನಲ್ಲಿ ಹೋದರು. ಆ ಮನುಷ್ಯ ಓಡಾಡುವುದು, ಮಾತಾಡುವುದು ಇರುವುದು ನಾವು ಕೊಟ್ಟ ಡಿವಿಡಿ ಡಿಸ್ಕಿನಲ್ಲಿ ಮಾತ್ರ. ಮನೆಯ ಪ್ಲೇಯರಿಗೆ ಹಾಕಿದರೆ ‘ನೋ ಡಿಸ್ಕ್’ ಅಂತ ಬರುತ್ತದೆ. ಖಾಲಿ ತಟ್ಟೆ ಕೊಟ್ಟು ಮೋಸ ಮಾಡಿದ್ದೀರಿ ಎಂದು ಅವರು ಅಂದದ್ದು ಅದಕ್ಕೇ.

ಮೋಸವಲ್ಲ, ನನಗೆ ಗೊತ್ತು. ನಮ್ಮ ಕಂಪ್ಯೂಟರಿನ ಡಿವಿಡಿ ರೈಟರ್ ಬರೆಯುವುದು ಪ್ಲಸ್ ಜಾತಿಯ ಡಿಸ್ಕು. ಅವರ ಪ್ಲೇಯರ್ ಓದುವುದು ಮೈನಸ್ ಡಿಸ್ಕು ಮಾತ್ರ. ನೋಡುವುದಕ್ಕೆ ಎರಡೂ ಒಂದೇ. ಬೆಂಗಳೂರಿನ ಅಂಗಡಿಯವನು “ಇನ್ನೊಂದು ವರ್ಷದಲ್ಲಿ ಎಲ್ಲ ಪ್ಲಸ್ಸೇ” ಅಂದದ್ದನ್ನು ನಂಬಿ ಆ ರೈಟರ್ ತಂದಿರಿ. ತಂದಾಗ ನಾನೂ ಆರತಿ ಎತ್ತಿದೆ. “ಕಂಪನಿಗಳು ಕಿತ್ತಾಡ್ಕೊಂಡ್ರೆ ನಾನೇನ್ ಮಾಡ್ಲಿ?” ಎಂದು ನೀವು ಕೇಳಿದ್ದೂ ನ್ಯಾಯವೇ. ಆದರೆ ಗಂಡನನ್ನು ಕಳೆದುಕೊಂಡು ಬಂದವರಿಗೆ “ಬೇರೆ ಪ್ಲೇಯರ್ ತಗೊಳ್ಳಿ” ಅನ್ನಬಾರದಿತ್ತು. ಗಿರಾಕಿಗಳ ಮುಂದೆ ನಾನು “ತಪ್ಪು ನಮ್ಮದೇ” ಅಂದೆ. ಬೀಗದ ಕೈ ಬಿಸಾಕಿ ನೀವು ಹೊರಟಿರಿ. ಇವತ್ತೂ ಆ ಮಾತನ್ನು ಹಿಂದಕ್ಕೆ ತಗೊಳ್ಳಲಾರೆ.

ಈ ಸಲ ಅವರು ಜಗಳ ತೆಗೆಯಲಿಲ್ಲ. ಸೆರಗಿನಲ್ಲಿ ಸುತ್ತಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟು, “ಕೊಳೆ ಇರ್ಬೌದು ಅಂತ ಬೂದಿ ಹಾಕಿ ಉಜ್ಜಿದೆ ಕಣವ್ವ. ಆದ್ರೂ ಏನೂ ಕಾಣಾಕಿಲ್ಲ” ಅಂದರು. ಅದರ ಮೈಯೆಲ್ಲ ಗೀರು. ಕ್ಯಾಮೆರಾದ ಕ್ಯಾಸೆಟ್ಟಿನ ಮೇಲೆ ನೀವಾಗಲೇ ಗುಬ್ಬಿಯ ನಾಮಕರಣ ತೆಗೆದಾಗಿದೆ. ಕಂಪ್ಯೂಟರಿನಲ್ಲೂ ಅಳಿಸಿದ್ದೀರಿ. ಉಳಿದಿದ್ದು ಆ ಉಜ್ಜಿದ ಡಿಸ್ಕೊಂದೇ.

ಉದಯಕುಮಾರ್ ಹತ್ತಿರ ಒಯ್ದೆ. ಹೌದು, “ಮೈನಸ್ಸೇ ತಗೊಳ್ಳೋ” ಅಂದದ್ದಕ್ಕೆ ನೀವು ಮಾತು ಬಿಟ್ಟ ಅದೇ ಗೆಳೆಯ ಉದಯಕುಮಾರ್. ಅವನ ಹೊಸ ರೈಟರ್ ಎರಡನ್ನೂ ಬರೆಯುತ್ತದೆ. ಡಿಸ್ಕು ಒಳಗೆ ಹೋಗಿ ಕರಕರ ಅಂದಿತು, ನಿಂತಿತು, ಮತ್ತೆ ತಿರುಗಿತು. ಮದುವೆಯ ಹಿಂದಿನ ದಿನದ ವರಪೂಜೆ, ಊಟದ ಪಂಕ್ತಿ ಬಂದವು. ಧಾರೆ ಬರಲಿಲ್ಲ. ಎಷ್ಟು ಸಲ ಹಾಕಿದರೂ ಬರಲಿಲ್ಲ.

ಬಂದಷ್ಟನ್ನು ಮೈನಸ್ ಡಿಸ್ಕಿಗೆ ಹಾಕಿಸಿಕೊಂಡು ನಾನೇ ಹಾಗಲವಾಡಿಗೆ ಹೋದೆ. ಅವರ ಪ್ಲೇಯರ್ ಓದಿತು. ಸಿದ್ದಗಂಗಯ್ಯ ಹೆಗಲಿಗೆ ಟವೆಲ್ ಹಾಕಿಕೊಂಡು ಪಂಕ್ತಿಯ ನಡುವೆ ಓಡಾಡುತ್ತ, “ಏಯ್, ಈ ಕಡೀಕೆ ಸಾರು ಬುಡ್ರಲಾ” ಎಂದು ಕೂಗಿದರು. ದೊಡ್ಡಗಂಗಮ್ಮ ಥಟ್ಟನೆ ಸೆರಗು ಸರಿಮಾಡಿಕೊಂಡು, “ನೀನ್ ಉಂಡ್ಯಾ?” ಅಂದರು, ಟೀವಿಗೆ.

ಆಮೇಲೆ ಚಿತ್ರ ಮುಗಿದುಹೋಯಿತು. ಆಷಾಢಕ್ಕೆ ಬಂದಿದ್ದ ಮಗಳು, ಅಪ್ಪ ಧಾರೆ ಎರೆದದ್ದು ಎಲ್ಲಿ ಎಂದು ಕೇಳಿದಳು. ಹಾಳಾಗಿದೆ, ಇನ್ನು ಸಿಗುವುದಿಲ್ಲ ಅಂದೆ. ಅವಳು ಎದ್ದು ಒಳಗೆ ಹೋದಳು. ನಾನು ಹೊರಡುವ ತನಕ ಈಚೆ ಬರಲಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ನಿಮ್ಮ ಮೇಲೆ ಸಿಟ್ಟು ಬಂತು. ಗುಬ್ಬಿ ದಾಟುವಷ್ಟರಲ್ಲಿ, ಆ ಮದುವೆಯ ಎಡಿಟಿಂಗಿಗೆ ನೀವು ಊಟ ಬಿಟ್ಟು ಕೂತಿದ್ದದ್ದು ನೆನಪಾಯಿತು. ಆ ಹುಡುಗಿಯ ಮುಖವನ್ನು ನಾನೊಬ್ಬಳೇ ನೋಡಬೇಕಾಯಿತಲ್ಲ ಅನ್ನಿಸಿತು.

ನಾವು ಪ್ಲಸ್ಸಿನಲ್ಲಿ ಕೊಟ್ಟ ಮದುವೆಗಳು ಇನ್ನೂ ಎಷ್ಟೋ ಇವೆ. ಕೆಲವರು ಬೀರುವಿನಲ್ಲಿಟ್ಟು ಹಾಕಿಯೇ ನೋಡಿಲ್ಲ. ಅವರು ಉಜ್ಜುವ ಮುಂಚೆ ಹೋಗಿ ಇಸಕೊಂಡು ಬಂದು ಬೇರೆ ಮಾಡಿಕೊಡಬೇಕು. ಊರ್ಡಿಗೆರೆಯಲ್ಲಿ, ಗುಬ್ಬಿಯಲ್ಲಿ ಯಾರ ಮನೆ ಎಲ್ಲಿ ಎಂದು ಗೊತ್ತಿರುವುದು ನಿಮಗೆ. ಉದಯಕುಮಾರ್ ರೈಟರ್ ಕೊಡುತ್ತಾನೆ. ಅವನನ್ನು ನೀವು ಮಾತಾಡಿಸಲೇಬೇಕೆಂದಿಲ್ಲ.

ಬರುವುದು ಬಿಡುವುದು ನಿಮ್ಮ ಇಷ್ಟ. ನಾನು ಒತ್ತಾಯ ಮಾಡುವುದಿಲ್ಲ.

ಅಂಗಡಿ ತೆರೆದು ಕೂತಿರುವ,
ವನಜಾಕ್ಷಿ

ಒಂದು ಮಾತು ಬಿಟ್ಟಿದ್ದೆ: ನಿಮಗೆ ಕಾಮಾಲೆಯಾಗಿದೆ, ಕುಣಿಗಲ್‌ನಲ್ಲಿ ನಾಟಿ ಔಷಧಿ ನಡೆದಿದೆ ಎಂದು ಅಂಗಡಿಗೆ ಬಂದವರಿಗೆಲ್ಲ, ನಮ್ಮಮ್ಮನಿಗೂ ಹೇಳಿಕೊಂಡು ಬಂದಿದ್ದೇನೆ. ನಿನ್ನೆ ಅಮ್ಮ ನಿಮ್ಮನ್ನು ನೋಡಲು ಬಸ್ಸು ಹತ್ತುತ್ತೇನೆಂದು ಹೊರಟೇಬಿಟ್ಟಿದ್ದಳು, ಹೇಗೋ ತಡೆದೆ. ಬರುವುದಾದರೆ ಕೆಲವು ದಿನ ಜನರೆದುರು ಕರಿದದ್ದು ತಿನ್ನಬೇಡಿ. ಬರುವುದಿಲ್ಲವಾದರೆ, ಇನ್ನು ಏನು ಹೇಳಲಿ ಎಂಬುದನ್ನು ನೀವೇ ಬರೆದು ಕಳಿಸಿ.