ಏಳನೇ ಕಾಲಮಿಗೆ ಒಂದು ತಪ್ಪು ಬೇಕಂತೆ

ಉಚಿತ ಕಾನೂನು ನೆರವು ಕಚೇರಿಯ ಮುಖ್ಯಾಧಿಕಾರಿಗಳಾದ ಮಾನ್ಯರೇ,

ನನ್ನ ಗಂಡ ಮಗಳನ್ನು ಸಂಪೂರ್ಣ ನಿರ್ಲಕ್ಷಿಸಿದ್ದಾರೆ ಎಂಬ ಸಂಗತಿ ನನಗೆ ತಿಳಿದದ್ದು ನಿಮ್ಮ ಕಚೇರಿಯ ಕಾಗದದಿಂದ. ಹನ್ನೊಂದು ವರ್ಷ ಒಂದೇ ಸೂರಿನಡಿ ಬಾಳಿದ ನನ್ನ ಕಣ್ಣಿಗೆ ಬೀಳದ್ದನ್ನು ನಿಮ್ಮ ಗುಮಾಸ್ತರು ಇಪ್ಪತ್ತೇ ನಿಮಿಷದಲ್ಲಿ ಪತ್ತೆ ಹಚ್ಚಿದರಲ್ಲ, ಆ ಸಾಮರ್ಥ್ಯಕ್ಕೆ ಮೊದಲು ಒಂದು ದೊಡ್ಡ ನಮಸ್ಕಾರ. ಎರಡನೆಯದಾಗಿ, ದಯವಿಟ್ಟು ಆ ಸಾಲನ್ನು ತೆಗೆದುಹಾಕಿ. ಈ ಪತ್ರ ಬರೆಯುತ್ತಿರುವುದೇ ಅದಕ್ಕೆ.

ನಾವಿಬ್ಬರೂ ವಿಚ್ಛೇದನಕ್ಕೆಂದು ನಿಮ್ಮಲ್ಲಿಗೆ ಬಂದವರು. ನಾನು ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜುವವಳು, ಅವರು ಲಿಫ್ಟ್ ರಿಪೇರಿಯವರು. ಒಂದೇ ಮನೆಯಲ್ಲಿದ್ದರೆ ಎಣ್ಣೆ ಸೀಗೆಕಾಯಿ. ಅವರಿಗೆ ಮೂಗಿನ ತುದಿಯಲ್ಲೇ ಕೋಪ, ನನ್ನದೋ ಎಲುಬಿಲ್ಲದ ನಾಲಿಗೆ. ಆದರೆ ಒಂಬತ್ತು ವರ್ಷದ ಮಗಳ ವಿಷಯದಲ್ಲಿ ಮಾತ್ರ ನಮ್ಮಿಬ್ಬರದೂ ಒಂದೇ ಮಾತು. ಅವಳು ನನ್ನ ಜೊತೆ ಇರಬೇಕು, ದಿನಾ ಸಂಜೆ ಅಪ್ಪನ ಹತ್ತಿರ ಹೋಗಿ ಲೆಕ್ಕ ಕಲಿಯಬೇಕು, ಖರ್ಚು ಇಬ್ಬರದೂ. ಇದಕ್ಕೆಂದೇ ಅವರು ರಸ್ತೆಯಾಚೆ, ನಮ್ಮ ಮನೆಯೆದುರೇ ಒಂದು ಕೋಣೆ ಹಿಡಿದರು. ಇಷ್ಟನ್ನು ಕೋರ್ಟು ಒಪ್ಪುವ ಭಾಷೆಯಲ್ಲಿ ಬರೆದುಕೊಡಿ ಎಂದು ಕೇಳಲು ಒಂದೇ ಸ್ಕೂಟರಿನಲ್ಲಿ ಬಂದೆವು. ಬಹುಶಃ ನಮ್ಮ ಮೊದಲ ಅಪರಾಧ ಅದೇ.

"ಎದುರುದಾರರು ಯಾರಮ್ಮ?" ಎಂದರು ಗುಮಾಸ್ತರು.

"ಇವ್ರೇ ಸಾರ್, ನಮ್ಮನೆ ಎದುರಿಗೇ ಇರೋದು," ಎಂದೆ. ಎದುರಿಗಿರುವವರು ಎದುರುದಾರರು ಎಂದುಕೊಂಡ ಪೆದ್ದಿ ನಾನು.

"ಅಯ್ಯೋ ರಾಮ! ಯಾರ ಮೇಲೆ ಕೇಸು ಅಂತ ಕೇಳಿದ್ದು."

"ಯಾರ ಮೇಲೂ ಇಲ್ವಲ್ಲ ಸಾರ್."

"ಹಂಗಂದ್ರೆ ಹೆಂಗೆ? ಏಳನೇ ಕಾಲಂ ನೋಡಿ, ಎದುರುದಾರರ ತಪ್ಪುಗಳು ಅಂತಿದೆ. ಖಾಲಿ ಬಿಟ್ರೆ ಕಂಪ್ಯೂಟರ್ ಮುಂದಕ್ಕೇ ಹೋಗಲ್ಲ. ಏನಾದ್ರೂ ಒಂದು ಹೇಳಿ."

ನಾವು ಮುಖ ಮುಖ ನೋಡಿಕೊಂಡೆವು. "ಗೊರಕೆ ಹೊಡೀತೀನಲ್ಲ, ಅದನ್ನ ಬರೆಸೇ," ಎಂದು ಗಂಡನೇ ಪಿಸುಗುಟ್ಟಿದರು. ಗೊರಕೆ ಸಾಲದಂತೆ. ಒದ್ದೆ ಟವೆಲ್ಲು ಹಾಸಿಗೆ ಮೇಲೆ ಹಾಕುತ್ತಾರೆ ಎಂದೆ, ಅದೂ ಸಾಲದಂತೆ. ತಪ್ಪಿಗೂ ಒಂದು ಯೋಗ್ಯತೆ ಬೇಕೆಂದು ಅಂದೇ ತಿಳಿದದ್ದು!

ಕೊನೆಗೆ ಗುಮಾಸ್ತರೇ ಏನೋ ಟೈಪು ಮಾಡಿ ಹಾಳೆ ಮುಂದಿಟ್ಟರು. ನನ್ನ ಗಂಡ ಸ್ಕೂಟರ್ ತೆಗೆಯಲು ಹೊರಗೆ ಹೋಗಿದ್ದರು. ಊರಿಗೆಲ್ಲ ಕನ್ನಡಕ ಕೂರಿಸುವ ನಾನು ನನ್ನದನ್ನು ಅಂಗಡಿಯಲ್ಲೇ ಮರೆತು ಬಂದಿದ್ದೆ. ದೀಪದ ಬುಡದಲ್ಲಿ ಕತ್ತಲೆ. "ಎಲ್ರಿಗೂ ಹಾಕೋದೇ ಇದು, ಸೈನ್ ಮಾಡಿ," ಎಂದರು. ಮಾಡಿದೆ. ನನ್ನದೂ ತಪ್ಪಿದೆ, ಇಲ್ಲವೆನ್ನುವುದಿಲ್ಲ.

ಅದರ ಪ್ರತಿ ಅಂಚೆಯಲ್ಲಿ ಮನೆಗೆ ಬಂತು. ನಮ್ಮ ಮಗಳು ಸೋಪಿನ ಕವರನ್ನೂ ಬಿಡದೆ ಓದುವವಳು. ನಾನು ಕೆಲಸದಿಂದ ಬರುವಷ್ಟರಲ್ಲಿ ಓದಿ ಮುಗಿಸಿದ್ದಳು: "ಸದರಿ ಎದುರುದಾರರು ಮಗುವನ್ನು ಸಂಪೂರ್ಣ ನಿರ್ಲಕ್ಷಿಸಿದ್ದು, ಮಗುವಿನ ಮೇಲೆ ಯಾವುದೇ ಪ್ರೀತಿ ವಾತ್ಸಲ್ಯ ಹೊಂದಿರುವುದಿಲ್ಲ."

"ಅಪ್ಪಂಗೆ ನಾನಂದ್ರೆ ಇಷ್ಟ ಇಲ್ವಾ ಅಮ್ಮಾ?"

"ಛೇ, ಅದು ಆಫೀಸಿನವರು ಬರೆದಿದ್ದು ಪುಟ್ಟಿ."

"ಸೈನು ನಿಂದೇ ಇದೆಯಲ್ಲ."

ಮಾನ್ಯರೇ, ಈ ವಾದಕ್ಕೆ ನಿಮ್ಮ ಯಾವ ವಕೀಲರ ಬಳಿ ಉತ್ತರವಿದೆ? ಕಿಟಕಿಯಿಂದಲೇ ರಸ್ತೆಯಾಚೆಗೆ ಕೂಗಿ ಅವಳಪ್ಪನನ್ನು ಕರೆದೆ. ಅಪ್ಪನೇ ಓಡಿಬಂದು, "ಸುಳ್ಳು ಕಣೇ ಅದು," ಎಂದು ಅಂಗಲಾಚಿದರು. ಸರ್ಕಾರಿ ಮೊಹರಿನ ಮುಂದೆ ಅಪ್ಪನ ಮಾತು ನಡೆಯಲಿಲ್ಲ. ಅಚ್ಚಾದದ್ದೆಲ್ಲ ನಿಜವೆಂದು ಶಾಲೆಯಲ್ಲಿ ಕಲಿಸಿದ್ದಾರಲ್ಲ.

ಮರುದಿನ ನಿಮ್ಮ ಕಚೇರಿಗೆ ಓಡಿದೆ. ತಿದ್ದುಪಡಿಗೆ ಬೇರೆ ಅರ್ಜಿಯಂತೆ, ಮೂರು ತಿಂಗಳಂತೆ, ಅದರಲ್ಲೂ ಏಳನೇ ಕಾಲಂ ಇದೆಯಂತೆ. ಒಂದು ಮಾತು ಕೇಳುತ್ತೇನೆ. ನಿಜವಾಗಿ ಪೆಟ್ಟು ತಿಂದು, ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ನಿಮ್ಮ ಬಾಗಿಲಿಗೆ ಬರುವ ಹೆಣ್ಣುಮಗಳಿಗೂ ಇದೇ ವಾಕ್ಯ, ಗೊರಕೆಯ ಗಂಡನಿಗೂ ಇದೇ ವಾಕ್ಯ ಎಂದಾದರೆ, ಅವಳ ಮಾತನ್ನು ನಾಳೆ ಯಾರು ನಂಬುತ್ತಾರೆ? ನೆರವು ಕೊಡಿ ಎಂದು ಬಂದೆವೇ ಹೊರತು ಜಗಳ ಕೊಡಿ ಎಂದಲ್ಲ. ಅದು ನಮ್ಮಲ್ಲಿ ಬೇಕಾದಷ್ಟಿತ್ತು.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಆ ಸಾಲು ಸುಳ್ಳು, ಕಚೇರಿಯ ತಪ್ಪಿನಿಂದ ಬಂದದ್ದು ಎಂದು ಒಂದು ಹಾಳೆಯಲ್ಲಿ ನೀವೇ ಬರೆದು, ಸಹಿ ಹಾಕಿ, ಅದೇ ಮೊಹರು ಒತ್ತಿ ಕಳಿಸಿ. ಭಾಷೆ ಸುಲಭವಾಗಿರಲಿ, ಓದುವವಳು ನಾಲ್ಕನೇ ತರಗತಿ. ಮೂರು ತಿಂಗಳು ಕಾಯಲಾಗದು. ದಿನಾ ಸಂಜೆ ಆರಕ್ಕೆ ಅವಳಪ್ಪ ಎದುರು ಕೋಣೆಯ ಬಾಗಿಲು ತೆಗೆದು, ಲೆಕ್ಕದ ಪುಸ್ತಕ ಹಿಡಿದು ನಿಲ್ಲುತ್ತಾರೆ. ಇವಳು ಕಿಟಕಿಯಿಂದ ನೋಡುತ್ತಾಳೆ. ಐದು ದಿನವಾಯಿತು, ರಸ್ತೆ ದಾಟಿಲ್ಲ.

ಇಂತಿ,
ನಿಮ್ಮ ಕಡತದಲ್ಲಿ ಅರ್ಜಿದಾರಳು,
ಸದ್ಯಕ್ಕೆ ಮನೆಯಲ್ಲಿ ಆರೋಪಿ