ಗಲಗಲಿ ಹೊಳಿದಂಡಿಗೆ ಓಡಿದ್ದು

ಯವ್ವಾ,

ಇವತ್ತ ಮುಂಜಾನೆ ಗಲಗಲಿ ಹೊಳಿದಂಡಿ ದಾರ್‍ಯಾಗ ಐದು ಕಿಲೋಮೀಟರ್ ಓಡಿದೆ. ಸಾಲಿಯ ಪಿ.ಟಿ. ಟೀಚರ್ ಅನುರಾಧಾ ಆರು ತಿಂಗಳಿಂದ ದಿನಾ ನನ್ನ ಜೋಡಿ ಓಡತಾರ. ನಾ ನೌಕರಿಗಿದ್ದ ಪಡೆಯ ಕ್ಯಾಂಪಿನ್ಯಾಗ ಮೇಲಧಿಕಾರಿ ನನ್ನ ಮ್ಯಾಲ ಬಲಾತ್ಕಾರ ಮಾಡಿದ್ದನ್ನ ಅವರೊಬ್ಬರಿಗೇ ಹೇಳೇನಿ. ಓಡಾಕ ಹಚ್ಚಿದ ಮ್ಯಾಲ ನಿದ್ದಿ ಛಲೋ ಬರತೈತಿ.

ಇವತ್ತ ಹಿಂದ ಯಾರೋ ಗಂಡಸು ಓಡಿಬರೂ ಸಪ್ಪಳ ಕೇಳಿತು. ಮೊದಲಾಗಿದ್ರ ಅಲ್ಲೇ ನಿಂತುಬಿಡತಿದ್ದೆ.

"ನಿಲ್ಲೂಣೇನು?" ಅಂತ ಟೀಚರ್ ಕೇಳಿದರು.

"ಬ್ಯಾಡ್ರಿ, ನಡೀರಿ," ಅಂದೆ.

ಅಂವ ನಮ್ಮನ್ನ ದಾಟಿ ಹೋದ. ನಾವಿಬ್ಬರೂ ದಂಡಿಗೆ ಕುಂತು ಭಾಳ ಹೊತ್ತು ನಕ್ಕೆವು.

ಕಾಲುನೋವಿಗೆ ನೌಕರಿ ಬಿಟ್ಟೆ ಅಂತ ನಿನಗ ಹೇಳಿದ್ದೆ. ಸಾಯೂತನಕ ನೀ ದಿನಾ ಸಂಜಿಕ ನನ್ನ ಕಾಲಿಗೆ ಎಣ್ಣಿ ತಿಕ್ಕಿದಿ. ಕಾಲಿಗೆ ಏನೂ ಆಗಿರಲಿಲ್ಲ ಬೇ. ಆದರ ನೀ ತಿಕ್ಕುವಾಗ ಹಗುರ ಆಗತಿತ್ತು.