ಮಾತ್ರೆಯನ್ನು ಬಾಳೆಹಣ್ಣಿನಲ್ಲಿ ಇಡಬೇಡ

ಅಣ್ಣ,

ನೀನು ಹಾಲು ಕರೆಯುವಷ್ಟರಲ್ಲಿ ಸದ್ದಿಲ್ಲದೆ ಪಾತ್ರೆ ತೊಳೆದಿಟ್ಟು ಇದನ್ನು ಬರೆದಿದ್ದೇನೆ. ಎದುರು ನಿಂತು ಹೇಳಲು ನನಗೆ ಬಾಯಿ ಬರುವುದಿಲ್ಲ. ಕೆ.ಆರ್. ಪೇಟೆಗೆ ಹೊಲಿಗೆ ಕೆಲಸಕ್ಕೆ ಹೊರಟೆ.

ಅತ್ತಿಗೆಯ ಥೈರಾಯ್ಡ್ ಮಾತ್ರೆ ಕಿಟಕಿಯಲ್ಲಿದೆ. ಎದ್ದ ತಕ್ಷಣ ಬರೀ ನೀರಿನಲ್ಲಿ ಕೊಡು. ಕಾಫಿ ಮುಕ್ಕಾಲು ಗಂಟೆ ಬಿಟ್ಟು. ನಿನ್ನೆಯ ಹಾಗೆ ಬಾಳೆಹಣ್ಣಿನೊಳಗೆ ತುರುಕಿ "ಊಂ, ಬಾಯ್ ಬುಡು" ಅನ್ನಬೇಡ. ಅದೆಲ್ಲ ನಮ್ಮ ಹಸುವಿಗೆ ಸರಿ. ಅತ್ತಿಗೆ ಹಣ್ಣು ತಿಂದು ಮಾತ್ರೆ ಉಗಿದರು, ನಾನು ನೋಡಿದೆ.

"ಕೊಬ್ಬು ಕಣವ್ವ, ಮೂರು ತಿಂಗ್ಳಿಂದ ಮೂಲೆ ಹಿಡ್ದವ್ಳೆ" ಎಂದು ಅವ್ವನಿಗೆ ಹೇಳಿದೆಯಲ್ಲ, ಅದು ಕೊಬ್ಬಲ್ಲ. ಥೈರಾಯ್ಡ್ ಕಡಿಮೆಯಾದರೆ ಮನಸ್ಸೂ ಮಂಕಾಗಬಹುದು ಎಂದು ಡಾಕ್ಟರು ನಿನ್ನೆದುರಿಗೇ ಹೇಳಿದರು. ನೀನು ಆಗ ಫೋನಿನಲ್ಲಿ ಎಮ್ಮೆ ವ್ಯಾಪಾರ ಕುದುರಿಸುತ್ತಿದ್ದೆ. ಸರಿಹೋಗಲು ವಾರಗಟ್ಟಲೆ ಬೇಕಂತೆ. ಶುರು ಮಾಡಿ ನಾಲ್ಕೇ ದಿನ ಆಗಿದೆ.

ರಾತ್ರಿ ಅತ್ತಿಗೆ, "ನಿಮ್ಮಣ್ಣ ನನ್ನೂ ಕೊಟ್ಗೇಲಿ ಕಟ್ಟಾಕ್ತಾರೇನೋ ಕಣೆ" ಎಂದು ನಕ್ಕರು. ಆ ನಗು ಕೇಳಿ ಎಷ್ಟು ದಿನವಾಗಿತ್ತು! ಬಟ್ಟೆ ಚೀಲವನ್ನೂ ತುಂಬಿಟ್ಟಿದ್ದಾರೆ, ನೀನು ಹೇಳಿದೆ ಅಂತ.

ನಾಗಮಂಗಲಕ್ಕೆ ಹೇಳಿರುವ ಆಟೋ ಹತ್ತು ಗಂಟೆಗೆ ಬರುತ್ತದೆ. ಅದನ್ನು ವಾಪಸ್ ಕಳಿಸು ಅಣ್ಣ. ಅತ್ತಿಗೆಯನ್ನು ತವರಿಗೆ ಬಿಟ್ಟು ಬರಬೇಡ.

ಪವಿತ್ರ